ಭಾವನವರ ಕೆಂಪು ಪೆನ್ನು

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಮೂರನೇ ಸಲ ಸಿಟ್ಟು ಬಂತು. ಬರೆದವರ ಮೇಲಲ್ಲ, ಅವರ ಭಾವನ ಮೇಲೆ.

ಬರೆದವರು ಗದಗ ಜಿಲ್ಲೆಯ ಹೆಣ್ಣುಮಗಳು. ವಯಸ್ಸು 36. ಪತ್ತಿನ ಸಹಕಾರ ಸಂಘದಲ್ಲಿ ಕ್ಯಾಷಿಯರ್. ಆರು ವರ್ಷದಿಂದ ಕತೆ ಬರೆಯುತ್ತಿದ್ದಾರೆ. ವಾರಪತ್ರಿಕೆ, ಮಾಸಪತ್ರಿಕೆಗಳಿಗೆ 11 ಕತೆ ಕಳಿಸಿದ್ದಾರೆ. ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಮೂರು ಸಲ ಕಳಿಸಿದ್ದಾರೆ. ಒಂದೂ ಅಚ್ಚಾಗಿಲ್ಲ. 'ಬ್ಯಾಡ ಅಂತ ಸೈತ ಯಾರೂ ಹೇಳಲಿಲ್ಲ ಅಕ್ಕಾ. ನನಗ ಬರಿಯಾಕ ಬರೂದಿಲ್ಲ ಅನ್ನೂದು ಖಾತ್ರಿ ಆಗೇತಿ. ಬಿಟ್ಟಬಿಡ್ಲೇನು?' ಅಂತ ಕೇಳಿದ್ದಾರೆ.

ಮೊದಲು ಆ ಮೌನದ ವಿಷಯ ಮುಗಿಸಿಬಿಡೋಣ. ನಾನು ಕತೆ ಕಳಿಸುತ್ತಿದ್ದ ಕಾಲದಲ್ಲಿ ಜೊತೆಗೆ ನಮ್ಮದೇ ವಿಳಾಸ ಬರೆದು ಸ್ಟಾಂಪು ಹಚ್ಚಿದ ಲಕೋಟೆ ಇಡಬೇಕಿತ್ತು. ಕತೆ ಬೇಡವಾದರೆ ಅದೇ ಲಕೋಟೆಯಲ್ಲಿ ವಾಪಸ್ ಬರುತ್ತಿತ್ತು. ಒಳಗೆ ಎರಡು ಸಾಲಿನ ವಿಷಾದಪತ್ರ. ಪೋಸ್ಟ್‌ಮ್ಯಾನ್ ಕೈಯಲ್ಲಿ ದಪ್ಪ ಲಕೋಟೆ ಕಂಡರೆ ಸಾಕು, ಮನೆಯವರಿಗೆಲ್ಲ ಗೊತ್ತಾಗುತ್ತಿತ್ತು. ನಮ್ಮಮ್ಮ ಅದನ್ನು ಅಕ್ಕಿ ಡಬ್ಬದ ಮೇಲಿಟ್ಟು ಸುಮ್ಮನಿರುತ್ತಿದ್ದಳು. ಈಗ ಎಲ್ಲ ಇಮೇಲ್. ಕಳಿಸೋದು ಸುಲಭ ಆಗಿದೆ. ಅದಕ್ಕೇ ಕಳಿಸುವವರೂ ಜಾಸ್ತಿ. ಬೇಡವಾದ ಕತೆಗೆ ಉತ್ತರ ಬರೆಯೋಕೆ ಪತ್ರಿಕೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಇದು ಮರ್ಯಾದೆ ಅಲ್ಲ ಅಂತ ನಾನೂ ಒಪ್ಪುತ್ತೇನೆ. ಆದರೆ ಉತ್ತರ ಬರಲಿಲ್ಲ ಅಂದಮಾತ್ರಕ್ಕೆ ನಿಮಗೆ ಬರೆಯಲು ಬರೋದಿಲ್ಲ ಅಂತ ಅರ್ಥ ಅಲ್ಲ. ಮೂರು ತಿಂಗಳು ಕಾಯಿರಿ, ಆಮೇಲೆ ಬೇರೆ ಕಡೆ ಕಳಿಸಿ. ಅಷ್ಟೇ.

ಈಗ ಅಸಲು ವಿಷಯಕ್ಕೆ ಬರೋಣ. ನಿಮ್ಮ ಪತ್ರದ ಎರಡನೇ ಪುಟದಲ್ಲಿ ಒಂದು ಸಾಲಿದೆ. ನೀವು ಅದನ್ನು ಏನೂ ಅಲ್ಲವೆಂಬಂತೆ ಬರೆದು ಮುಂದೆ ಹೋಗಿದ್ದೀರಿ. 'ನಮ್ಮ ಭಾವನವರು ಕನ್ನಡ ಲೆಕ್ಚರರ್ ಆಗಿ ರಿಟೈರ್ ಆಗ್ಯಾರ, ಅವರು ತಿದ್ದಿ ಟೈಪ್ ಮಾಡಿ ಕೊಟ್ಟ ಮ್ಯಾಲೆನ ಕಳಸ್ತೀನಿ.'

ಹನ್ನೊಂದೂ ಕತೆಗಳನ್ನಾ? ಹೌದು, ಹನ್ನೊಂದನ್ನೂ.

ಪುಣ್ಯಕ್ಕೆ ಒಂದು ಕತೆಯ ಎರಡೂ ರೂಪಗಳನ್ನು ನನಗೆ ಕಳಿಸಿದ್ದೀರಿ. ನೋಟ್‌ಬುಕ್ಕಿನಲ್ಲಿ ನೀವು ಬರೆದದ್ದು ಶುರುವಾಗೋದು ಹೀಗೆ: 'ಅವ್ವ ರೊಟ್ಟಿ ಬಡೀತಿದ್ಲು. ಬಡಿಯೂ ಸಪ್ಪಳದಾಗ ಅಕಿ ಸಿಟ್ಟು ಎಷ್ಟ ಐತಿ ಅನ್ನೂದು ನಮಗ ಗೊತ್ತಾಗ್ತಿತ್ತು. ಅವತ್ತ ಸಪ್ಪಳನ ಬರಲಿಲ್ಲ. ನಮಗ ಅಂಜಿಕಿ ಆತು.'

ಭಾವನವರು ತಿದ್ದಿದ್ದು: 'ಮಾತೆಯು ರೊಟ್ಟಿಯನ್ನು ತಯಾರಿಸುತ್ತಿದ್ದಳು. ಆಕೆಯ ಅಂತರಂಗದ ಆಕ್ರೋಶವು ಸ್ಪಷ್ಟವಾಗಿ ಗೋಚರಿಸುತ್ತಿತ್ತು. ಆದರೆ ಅಂದು ಮನೆಯಲ್ಲಿ ಅಸಹನೀಯ ಮೌನವು ಆವರಿಸಿತ್ತು.'

ನಾನು ಹಾಸನದ ಕಡೆಯವಳು. ನಮ್ಮಲ್ಲಿ ರೊಟ್ಟಿ ತಟ್ಟುತ್ತಾರೆ, ಬಡಿಯೋದಿಲ್ಲ. ಜೋಳದ ರೊಟ್ಟಿ ಬಡಿಯುವ ಸದ್ದನ್ನು ಮೊದಲ ಸಲ ಕೇಳಿದ್ದು ಮದುವೆಯಾದ ಮೇಲೆ, ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ, ಗೋಡೆಯ ಆಚೆಯಿಂದ. ನಿಮ್ಮ ನಾಲ್ಕು ಸಾಲು ಓದಿದಾಗ ಆ ಸದ್ದು ಕೇಳಿಸಿತು. ಆಮೇಲೆ ಅದು ನಿಂತದ್ದೂ ಕೇಳಿಸಿತು. ಆ ಅವ್ವನಿಗೆ ಏನಾಯ್ತು ಅಂತ ಓದದೆ ಇರೋಕೆ ಆಗಲಿಲ್ಲ. ಭಾವನವರು ಆ ಸಪ್ಪಳವನ್ನೇ ಹೊಡೆದುಹಾಕಿದ್ದಾರೆ. ಸಿಟ್ಟು ಕಿವಿಗೆ ಬೀಳುತ್ತಿತ್ತು ಅನ್ನೋದೇ ಅಲ್ವಾ ಇಡೀ ಕತೆ? ಅವರ ಕೈಯಲ್ಲಿ ಅದು ಗೋಚರಿಸಿಬಿಟ್ಟಿದೆ.

ಕಳಿಸಿದ ಕತೆ ಆರು ಪುಟ ಇದೆ. ನಿಮ್ಮದು ನಾಲ್ಕೇ. ಜಾಸ್ತಿಯಾದ ಎರಡು ಪುಟದಲ್ಲಿ ಏನಿದೆ ಅಂತ ಹುಡುಕಿದೆ. ಸೂರ್ಯಾಸ್ತ ಇದೆ. ಸ್ತ್ರೀಯ ತ್ಯಾಗದ ಬಗ್ಗೆ ಒಂದು ಪ್ಯಾರಾ ಇದೆ. ಕೊನೆಗೆ ಒಂದು ನೀತಿಯೂ ಇದೆ.

ಅದಕ್ಕೇ ಹೇಳುತ್ತೇನೆ. ನಿಮ್ಮ ಒಂದು ಕತೆಯನ್ನೂ ಯಾವ ಸಂಪಾದಕರೂ ಇದುವರೆಗೆ ಬೇಡ ಅಂದಿಲ್ಲ. ನಿಮ್ಮ ಕತೆಯನ್ನು ಅವರು ನೋಡಿಯೇ ಇಲ್ಲ. ಆರು ವರ್ಷದಿಂದ ಅವರು ಬೇಡ ಅನ್ನುತ್ತಿರೋದು ನಿಮ್ಮ ಭಾವನವರನ್ನು.

ಈ ಭಾವನವರು ತರಗತಿಯಲ್ಲಿ ಬೇಂದ್ರೆ ಪದ್ಯ ಹಾಡಿ ಹೇಳಿರುತ್ತಾರೆ. ಧಾರವಾಡದ ಆಡುಮಾತು ಕಾವ್ಯವಾದದ್ದನ್ನು ಹೊಗಳಿ ನೋಟ್ಸ್ ಬರೆಸಿರುತ್ತಾರೆ. ನಂಜನಗೂಡು ಸೀಮೆಯ ಮಾತಿನಲ್ಲಿ ದೇವನೂರ ಮಹಾದೇವ ಬರೆದ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ಅವರಿಗೆ ಗೊತ್ತಿರುತ್ತದೆ. ಪುಸ್ತಕದಲ್ಲಿದ್ದರೆ ಅದು ದೇಸಿ ಸೊಗಡು. ಮನೆಯಲ್ಲಿ ತಮ್ಮನ ಹೆಂಡತಿ ಬರೆದರೆ ಅಶುದ್ಧ. ಇಂಥ ಮೇಷ್ಟ್ರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಿಗೆ ಕೆಂಪು ಪೆನ್ನು ಸಿಕ್ಕರೆ ಮದುವೆ ಕರೆಯೋಲೆಯನ್ನೂ ಬಿಡುವುದಿಲ್ಲ.

ಕುವೆಂಪು ಮೊದಲು ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದದ್ದು ನಿಮಗೂ ಗೊತ್ತಿರಬಹುದು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ಅವರಿಗೆ ಹೋಗಿ ತೋರಿಸಿದರು. ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದರು ಅವರು. ಹೊಗಳಿಕೆ ಕೇಳಲು ಹೋಗಿದ್ದ ಹುಡುಗನಿಗೆ ಆಗ ಅದು ಹಿಡಿಸಲಿಲ್ಲ. ಆದರೂ ಕನ್ನಡಕ್ಕೆ ಹೊರಳಿದರು. ಕಸಿನ್ಸ್ ಅವತ್ತು ಪೆನ್ನು ತೆಗೆದುಕೊಂಡು ಆ ಇಂಗ್ಲಿಷ್ ಸಾಲುಗಳನ್ನೇ ನಯ ಮಾಡಿ ಕೊಟ್ಟು ಕಳಿಸಿದ್ದರೆ ಏನಾಗುತ್ತಿತ್ತೋ. ಬರೆಯುವವರಿಗೆ ಬೇಕಾದದ್ದು ಅಂಥ ಓದುಗರು. ನಿಮಗೆ ಸಿಕ್ಕಿರೋದು ಇಸ್ತ್ರಿ ಮಾಡುವವರು.

ನಿಮ್ಮ ಮೇಲೂ ಒಂದು ದೂರಿದೆ, ಬೇಜಾರು ಮಾಡಿಕೊಳ್ಳಬೇಡಿ. ಭಾವನವರು ತಿದ್ದಿದ ಕತೆ ನಿಮಗೆ ಇಷ್ಟವಾಗಿರಲಿಲ್ಲ. ಇಷ್ಟವಾಗಿದ್ದರೆ ನನಗೆ ಎರಡನ್ನೂ ಯಾಕೆ ಕಳಿಸುತ್ತಿದ್ದಿರಿ? ಯಾವುದು ಚಲೋ ಐತಿ ಅಂತ ನಿಮಗೆ ಗೊತ್ತು. ಆದರೂ ಅವರದ್ದನ್ನೇ ಕಳಿಸುತ್ತಾ ಬಂದಿರಿ. ಯಾಕೆಂದರೆ ಅದರಲ್ಲಿ ಒಂದು ಸುಖ ಇದೆ. ತಿದ್ದಿಸಿದ ಕತೆ ಬೇಡವಾದರೆ ಪೆಟ್ಟು ಅರ್ಧ ಅವರಿಗೆ, ಅರ್ಧ ನಿಮಗೆ. ನೋಟ್‌ಬುಕ್ಕಿನ ಕತೆ ಬೇಡವಾದರೆ ಪೂರ್ತಿ ಪೆಟ್ಟು ನಿಮಗೇ. ಆ ಪೆಟ್ಟಿಗೆ ಹೆದರಿ ಆರು ವರ್ಷ ಭಾವನವರ ಬೆನ್ನ ಹಿಂದೆ ನಿಂತಿದ್ದೀರಿ. ಈ ಕೆಲಸ ನಾನೂ ಮಾಡಿದ್ದೇನೆ. ನಾನು ನಿಂತದ್ದು ಬೇರೊಬ್ಬರ ಬೆನ್ನ ಹಿಂದೆ, ಅಷ್ಟೇ.

ಭಾವನವರು ಕೆಟ್ಟವರಲ್ಲ, ಮೂರು ಕತೆಗೆ ರಾತ್ರಿ ಕೂತು ಟೈಪ್ ಮಾಡಿಕೊಟ್ಟಿದ್ದಾರೆ ಅಂತ ಬರೆದಿದ್ದೀರಿ. ಇರಲಿ. ಮನೆಯಲ್ಲಿ ಒಬ್ಬಳು ಬರೆಯುತ್ತಾಳೆ ಅಂತ ಗುರುತಿಸಿದವರೂ ಅವರೇ ಇರಬಹುದು. ಅದಕ್ಕೆ ಅವರಿಗೆ ಚಹಾ ಮಾಡಿಕೊಡಿ. ಈ ಅಂಕಣದಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಇನ್ನೊಮ್ಮೆ ಹೇಳುತ್ತೇನೆ: ಮನೆಯವರಿಗೆ ಊಟ ಬಡಿಸಿ, ಕರಡು ಬಡಿಸಬೇಡಿ. (ನಿಮ್ಮ ಗಂಡ ಎರಡು ಪುಟದ ಪತ್ರದಲ್ಲಿ ಎಲ್ಲೂ ಕಾಣಿಸಲಿಲ್ಲ. ಅವರ ವಿಷಯ ಇನ್ನೊಂದು ವಾರ ವಿಚಾರಿಸಿಕೊಳ್ಳುತ್ತೇನೆ.)

ಬರೆಯೋದು ಬಿಡಬೇಕೋ ಬೇಡವೋ ಅನ್ನೋ ಪ್ರಶ್ನೆಗೆ ಇವತ್ತು ಉತ್ತರ ಕೊಡೋದಿಲ್ಲ. ಅದನ್ನು ಕೇಳೋ ಹಕ್ಕು ನಿಮಗಿನ್ನೂ ಬಂದಿಲ್ಲ. ನಿಮ್ಮದೇ ಕತೆ ನಾಲ್ಕು ಸಲ ಬೇಡವಾಗಲಿ, ಆಮೇಲೆ ನನಗೆ ಬರೆಯಿರಿ. ಆಗಲೂ ನಾನು ಬಿಡಿ ಅನ್ನೋದು ಅನುಮಾನ.

ಸದ್ಯಕ್ಕೆ ಒಂದೇ ಕೆಲಸ. ಈ ಭಾನುವಾರದ ಒಳಗೆ ರೊಟ್ಟಿಯ ಕತೆಯನ್ನು ನೋಟ್‌ಬುಕ್ಕಿನಲ್ಲಿ ಇರುವ ಹಾಗೇ ನೀವೇ ಟೈಪ್ ಮಾಡಿ ಒಂದು ಪತ್ರಿಕೆಗೆ ಕಳಿಸಿ. ಭಾವನವರಿಗೆ ತೋರಿಸೋದು ಬೇಡ. ಅವರ ಕಂಪ್ಯೂಟರೂ ಬೇಡ. ನಿಮ್ಮ ಫೋನ್ ಸಾಕು. ಅದರಲ್ಲಿ ಟೈಪ್ ಮಾಡಿದ್ದು ಯೂನಿಕೋಡಿನಲ್ಲೇ ಇರುತ್ತದೆ, ಅಂದರೆ ಬೇರೆಯವರ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಭಾವನವರು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಬರೀ ಗಿಜಿಬಿಜಿ ಅಕ್ಷರವಾಗಿ ಕಾಣುತ್ತದೆ. ಹನ್ನೊಂದರಲ್ಲಿ ಎಷ್ಟು ಹಾಗೆ ಹೋದವೋ ದೇವರೇ ಬಲ್ಲ. ಪದಮಿತಿ ಎಷ್ಟಿದೆ ನೋಡಿಕೊಳ್ಳಿ. ಒಂದೇ ಕತೆಯನ್ನು ಎರಡು ಪತ್ರಿಕೆಗೆ ಒಟ್ಟಿಗೆ ಕಳಿಸಬೇಡಿ.

ಭಾವನವರು ಹೊಸ ಕತೆ ಎಲ್ಲಿ ಅಂತ ಕೇಳೇ ಕೇಳುತ್ತಾರೆ. 'ಅಚ್ಚಾದ ಮ್ಯಾಲೆ ತೋರಸ್ತೀನ್ರಿ' ಅನ್ನಿ. ಸುಳ್ಳೂ ಅಲ್ಲ, ಜಗಳವೂ ಅಲ್ಲ.

ಇನ್ನೊಂದು. ಟೈಪ್ ಮಾಡುವಾಗ 'ಅಕಿ' ಅಂತ ಬರೆದರೆ ಫೋನು 'ಅಕ್ಕಿ' ಅಂತ ತಿದ್ದೋಕೆ ಬಂದೀತು. ಅದಕ್ಕೂ ಬಿಡಬೇಡಿ.