ಒಂದು ಮನೆ ಮುಳುಗಡೆಗೆ ಹೋಯ್ತು, ಇನ್ನೊಂದನ್ನ ನಾವೇ ಬಿಟ್ಟುಕೊಡೋದಾ?

ಪ್ರಶ್ನೆ: ಮೇಡಂ, ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿ ಮ್ಯಾನ್ವಿಲ್ ಅನ್ನೋ ಊರಲ್ಲಿದೀವಿ. 2018ರಲ್ಲಿ ಮನೆ ತಗೊಂಡ್ವಿ, ನಾನು ನನ್ನ ಗಂಡ ಇಬ್ರೂ ಎಚ್-1ಬಿ ಕೆಲಸದ ವೀಸಾದಲ್ಲಿದೀವಿ, ಗ್ರೀನ್ ಕಾರ್ಡ್ ಕ್ಯೂನಲ್ಲೇ ವರ್ಷ ಕಳೀತಿದೆ. 2021ರ ಸೆಪ್ಟೆಂಬರ್‌ನಲ್ಲಿ ಐಡಾ ಚಂಡಮಾರುತ ಬಂದಾಗ ಬೇಸ್‌ಮೆಂಟ್ ತುಂಬಿ ಅಡುಗೆಮನೆ ಕಟ್ಟೆವರೆಗೂ ನೀರು ಬಂತು, ಬೋಟ್ ಬರೋವರೆಗೂ ಮಗಳನ್ನ ಎತ್ಕೊಂಡು ಮಹಡೀಲಿ ಕೂತಿದ್ವಿ. ಇವತ್ತಿಗೂ ಜೋರು ಮಳೆ ಬಂದ್ರೆ ಅವಳು ಶೂ ಹಾಕ್ಕೊಂಡೇ ಮಲಗ್ತಾಳೆ. ಈಗ ಪ್ರವಾಹಕ್ಕೆ ಸಿಗೋ ಮನೆಗಳನ್ನ ಕೊಂಡ್ಕೊಳ್ಳೋ ರಾಜ್ಯ ಸರ್ಕಾರದ ಯೋಜನೆ ಬ್ಲೂ ಏಕರ್ಸ್‌ನವರು, ಇಷ್ಟ ಇದ್ರೆ ನಿಮ್ಮ ಮನೆ ನಾವು ತಗೋತೀವಿ ಅಂತಿದಾರೆ. ನಂಗೆ ಕೊಟ್ಬಿಡಬೇಕು ಅಂತಿದೆ. ಗಂಡ ಒಪ್ತಿಲ್ಲ, ಗೋಡೆ ನೆಲ ಎಲ್ಲಾ ಅವರೇ ಕೈಯಾರೆ ರಿಪೇರಿ ಮಾಡಿದ್ದು, ಇವತ್ತಲ್ಲ ನಾಳೆ ನದಿಗೆ ತಡೆಗೋಡೆ ಕಟ್ತಾರೆ ಅಂತಾರೆ. ಅತ್ತೆ ಹಳೇ ಬಾಗಲಕೋಟೆಯವರು, ಆಲಮಟ್ಟಿ ಮುಳುಗಡೇಲಿ ಮನೆ ಕಳ್ಕೊಂಡವರು, "ಒಂದು ಮನಿ ಸರ್ಕಾರಕ್ಕ ಕೊಟ್ಟೀನಿ, ಇನ್ನೊಂದು ಕೊಡಂಗಿಲ್ಲ" ಅಂತ ಊಟ ಬಿಟ್ಟು ಕೂತಿದಾರೆ. ಪಕ್ಕದ್ಮನೆ ಪೋಲಿಷ್ ಅಜ್ಜಿ ನೀವೂ ಹೋದ್ರೆ ಈ ಬೀದೀಲಿ ನಾನೊಬ್ಬಳೇ ಅಂತ ಅತ್ರು. ಸ್ನೇಹಿತರೊಬ್ಬರು ಸರ್ಕಾರಕ್ಕೆ ಯಾಕೆ ಕೊಡ್ತೀರ, ಹೊರಗೆ ಮಾರಿ ಜಾಸ್ತಿ ಬರುತ್ತೆ ಅಂತಿದಾರೆ. ನಾನು ಬರೀ ನನ್ನ ಮಗಳ ಬಗ್ಗೆ ಮಾತ್ರ ಯೋಚಿಸ್ತಿದೀನಾ?

ಉತ್ತರ: ನಾನಾಗಿದ್ರೆ ಕೊಡ್ತಿದ್ದೆ. ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಎರಡೂ ಕಡೆ ಸರಿ ಅಂತ ಹೇಳಿ ನಿಮ್ಮನ್ನ ಮತ್ತೆ ಅದೇ ಅಡುಗೆಮನೇಲಿ ಒಬ್ಬರನ್ನೇ ನಿಲ್ಲಿಸೋಕೆ ನಂಗೆ ಇಷ್ಟ ಇಲ್ಲ. ಚಿಕ್ಕ ಮಗು ಕಂಡ ನೀರು ಅದು, ಈಗ ಅವಳು ದೊಡ್ಡವಳಾಗ್ತಿದಾಳೆ, ಶೂ ಮಾತ್ರ ಇನ್ನೂ ಬಿಟ್ಟಿಲ್ಲ. ಅವಳ ಬಗ್ಗೆ ಯೋಚಿಸೋದು ತಪ್ಪಲ್ಲಮ್ಮ.

ನಿಮ್ಮೂರಿನ ಕಥೆ ನಿಮ್ಮ ಗಂಡನಿಗೂ ಗೊತ್ತಿರುತ್ತೆ, ಆದ್ರೂ ಒಂದ್ಸಲ ಇಬ್ರೂ ಕೂತು ವರ್ಷಗಳನ್ನ ಬರೆದು ನೋಡಿ. ರ್‍ಯಾರಿಟನ್ ನದಿಗೆ ಮಿಲ್‌ಸ್ಟೋನ್ ನದಿ ಬಂದು ಸೇರೋದೇ ನಿಮ್ಮೂರ ಮಗ್ಗುಲಲ್ಲಿ. 1999ರಲ್ಲಿ ಫ್ಲಾಯ್ಡ್ ಚಂಡಮಾರುತ, 2007ರ ಏಪ್ರಿಲ್ ಮಳೆ, 2011ರಲ್ಲಿ ಐರೀನ್, 2021ರಲ್ಲಿ ಐಡಾ. ಇದು ಯಾವತ್ತೋ ಒಂದ್ಸಲ ಆಗೋ ಅನಾಹುತ ಅಲ್ಲ, ನದಿ ತನ್ನ ಜಾಗಕ್ಕೆ ಬಂದು ಹೋಗ್ತಾ ಇದೆ ಅಷ್ಟೆ, ನೀವು ಮನೆ ತಗೊಳ್ಳೋ ಮುಂಚೆಯಿಂದಲೂ. ಇನ್ನು ತಡೆಗೋಡೆ ಆಸೆ. ಪಕ್ಕದ ಬೌಂಡ್ ಬ್ರೂಕ್‌ನಲ್ಲಿ ಫ್ಲಾಯ್ಡ್ ಆದ್ಮೇಲೆ ಗೋಡೆ, ಪಂಪ್ ಸ್ಟೇಷನ್ ಎಲ್ಲಾ ಕಟ್ಟಿದಾರಲ್ಲ, ಅದನ್ನ ನೋಡಿ ನಮಗೂ ಬರುತ್ತೆ ಅನ್ನಿಸೋದು ಸಹಜಾನೇ. ಆದ್ರೆ ಮಿಲ್‌ಸ್ಟೋನ್ ಕಡೆ ಪ್ರವಾಹ ತಡೆ ಕಾಮಗಾರಿ ನೋಡ್ಕೊಳ್ಳೋ ಅಮೆರಿಕ ಸೇನೆಯ ವಿಭಾಗ ಆರ್ಮಿ ಕೋರ್‌ನ ಎಂಜಿನಿಯರ್‌ಗಳು ವರ್ಷಗಟ್ಟಲೆ ಸ್ಟಡಿ ಮಾಡಿ ಕೊನೆಗೆ ಹೇಳಿದ್ದು ಏನಂದ್ರೆ, ಕಟ್ಟೋ ಖರ್ಚು ಉಳಿಯೋ ನಷ್ಟಕ್ಕಿಂತ ಜಾಸ್ತಿ ಆಗುತ್ತೆ ಅಂತ. ಈ ಲೆಕ್ಕ ಕ್ರೂರವಾಗಿದೆ, ಸಣ್ಣ ಮನೆಗಳಿರೋ ಊರಿಗೆ ಯಾವಾಗ್ಲೂ ಇದೇ ಉತ್ತರ ಸಿಗೋದು ಅನ್ಯಾಯ ಅಂತಾನೇ ನಾನು ಅಂದ್ಕೊಂಡಿದೀನಿ, ಆದ್ರೆ ಅನ್ಯಾಯ ಅಂತ ಹೇಳ್ಕೊಂಡು ಅದೇ ಬೇಸ್‌ಮೆಂಟ್ ಮೇಲೆ ಮಗು ಮಲಗಿಸೋಕಾಗಲ್ಲ.

ದುಡ್ಡಿನ ವಿಷಯದಲ್ಲಿ ನೀವು ಒಂದು ಮುಖ್ಯವಾದದ್ದನ್ನ ಕೇಳೇ ಇಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಇಂಥ ಖರೀದಿಗೆ ಫೀಮಾದ, ಅಂದ್ರೆ ಅಮೆರಿಕ ಕೇಂದ್ರ ಸರ್ಕಾರದ ವಿಪತ್ತು ಪರಿಹಾರ ಸಂಸ್ಥೆಯ, ದುಡ್ಡು ಸೇರಿದ್ರೆ, ಪ್ರವಾಹಕ್ಕೆ ಮುಂಚೆ ಮನೆಗೆ ಎಷ್ಟು ಬೆಲೆ ಇತ್ತೋ ಅದನ್ನ ಕೊಡೋಕೆ ರೂಲ್ ಇದೆ, ಆದ್ರೆ ಅದು ಪ್ರವಾಹದ ದಿನ ಮನೆ ಓನರ್ ಆಗಿದ್ದವರಿಗೆ, ಅದರಲ್ಲೂ ಅಮೆರಿಕದ ಪ್ರಜೆಗಳು ಅಥವಾ ಗ್ರೀನ್ ಕಾರ್ಡ್ ಥರದ ಸ್ಟೇಟಸ್ ಇರೋರಿಗೆ ಮಾತ್ರ. ಎಚ್-1ಬಿ ಅದರಲ್ಲಿ ಬರಲ್ಲ. ಅಂದ್ರೆ ನಿಮಗೆ ಈಗಿನ ಮಾರ್ಕೆಟ್ ರೇಟ್ ಮೇಲೆ ಆಫರ್ ಬರಬಹುದು. ಪಕ್ಕದ್ಮನೆಯವರಿಗೆ ಒಂದು ಲೆಕ್ಕ ನಿಮಗೆ ಒಂದು ಲೆಕ್ಕ ಯಾಕೆ ಅಂತ ಆಮೇಲೆ ಸಂಕಟ ಪಡೋ ಬದಲು ಈಗ್ಲೇ ಕೇಸ್ ನೋಡ್ಕೊಳ್ಳೋರಿಗೆ ಇಮೇಲ್ ಹಾಕಿ, ನಮ್ಮ ಮನೆಗೆ ಯಾವ ಫಂಡ್‌ನಿಂದ ದುಡ್ಡು ಬರುತ್ತೆ, ಯಾವ ದಿನದ ಬೆಲೆ ಹಿಡೀತೀರ, ನಮ್ಮ ವೀಸಾ ಇದು, ಅಂತ. ಉತ್ತರ ಬರವಣಿಗೇಲೇ ಬರಲಿ, ಫೋನಲ್ಲಿ ಹೇಳಿದ್ದು ಯಾರಿಗೂ ನೆನಪಿರಲ್ಲ. ಪ್ರವಾಹಕ್ಕೆ ಮುಂಚಿನ ಬೆಲೆ ಕೊಟ್ರೆ, ಇನ್ಶೂರೆನ್ಸ್‌ನಿಂದ ಅಥವಾ ಫೀಮಾದಿಂದ ರಿಪೇರಿಗೆ ಅಂತ ಬಂದ ದುಡ್ಡನ್ನ ಅದರಲ್ಲಿ ಕಳೀತಾರೆ, ಆದ್ರೆ ಅದನ್ನ ರಿಪೇರಿಗೇ ಹಾಕಿದೀವಿ ಅಂತ ಬಿಲ್ ತೋರಿಸಿದ್ರೆ ಅಷ್ಟನ್ನ ಬಿಡ್ತಾರೆ. ನಿಮ್ಮ ಗಂಡ ತಂದ ಪ್ಲೈವುಡ್ಡು, ಡ್ರೈವಾಲು, ಪೇಂಟು, ಒಂದು ಮೊಳೆ ಪ್ಯಾಕೆಟ್‌ದೂ ರಸೀದಿ ಹುಡುಕಿ ತೆಗೀರಿ. ಸಾಲ ಮನೆ ಬೆಲೆಗಿಂತ ಜಾಸ್ತಿ ಇದ್ರೆ ಬ್ಯಾಂಕ್ ಜೊತೆ ಮಾತಾಡೋಕೂ ಬ್ಲೂ ಏಕರ್ಸ್‌ನವರು ಸಹಾಯ ಮಾಡ್ತಾರೆ. ಮತ್ತೆ ಬೆಲೆ ಕೇಳಿದ ಮಾತ್ರಕ್ಕೆ ನೀವು ಕಟ್ಟುಬೀಳಲ್ಲ, ಆಫರ್ ನೋಡಿ ಬೇಡ ಅಂತ ಎದ್ದು ಬರಬಹುದು, ಇದು ಬಲವಂತದ ಭೂಸ್ವಾಧೀನ ಅಲ್ಲ.

ನಿಮ್ಮ ಸ್ನೇಹಿತರ ಸಲಹೆ ಬಗ್ಗೆ ಜಾಸ್ತಿ ಹೇಳಲ್ಲ. 2024ರ ಮಾರ್ಚ್‌ನಿಂದ ನ್ಯೂಜೆರ್ಸಿಯಲ್ಲಿ ಮನೆ ಮಾರೋರು ನೀರು ನುಗ್ಗಿದ್ದ ವಿಷಯ ತಿಳಿಸಲೇಬೇಕು ಅಂತ ಕಾನೂನಿದೆ. ಕಾನೂನು ಬಿಡಿ, ಅದೇ ಮಹಡೀಲಿ ಇನ್ನೊಬ್ಬರ ಮಗು ಕೂರುತ್ತಲ್ಲ. ಬ್ಲೂ ಏಕರ್ಸ್‌ಗೆ ಕೊಟ್ರೆ ಮನೆ ಕೆಡವಿ ಜಾಗಾನ ಶಾಶ್ವತವಾಗಿ ಖಾಲಿ ಬಿಡ್ತಾರೆ, ಅಲ್ಲಿ ಇನ್ಯಾರೂ ಮನೆ ಕಟ್ಟೋ ಹಾಗಿಲ್ಲ. ನಂಗೆ ಈ ಯೋಜನೇಲಿ ತುಂಬಾ ಹಿಡಿಸಿದ್ದೇ ಇದು.

ಈಗ ಅತ್ತೆ. ನೀವು ಅವರನ್ನ ಅಡ್ಡಿ ಅಂತ ನೋಡ್ತಿದೀರ ಅನ್ನಿಸ್ತು, ಬೇಜಾರ್ ಮಾಡ್ಕೋಬೇಡಿ. ಬಾಗಲಕೋಟೆ ಕಡೆಯವರ ಬಾಯಲ್ಲಿ ಮುಳುಗಡೆ ಅನ್ನೋ ಪದ ಕೇಳಿದೀರಲ್ಲ, ಅದು ಬರೀ ನೀರಲ್ಲ, ಅದೊಂದು ಕಾಲ. ಮುಳುಗಡೆಗೆ ಮುಂಚೆ, ಮುಳುಗಡೆ ಆದ್ಮೇಲೆ ಅಂತಾನೇ ಲೆಕ್ಕ ಹಿಡೀತಾರೆ. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಿದ್ರು, ಹಿನ್ನೀರು ಘಟಪ್ರಭೆಯಲ್ಲಿ ಮೇಲಕ್ಕೆ ಏರಿ ಬಂತು, ಓಣಿ ಓಣಿಗಳೇ ಎದ್ದು ನವನಗರದ ಸೆಕ್ಟರ್‌ಗಳಿಗೆ ಹೋದ್ವು, ಪರಿಹಾರ ಸಾಲಲ್ಲ ಅಂತ ಜನ ವರ್ಷಗಟ್ಟಲೆ ಕೋರ್ಟ್ ಅಲೆದ್ರು. ಅಲ್ಲಿ ಯಾರೂ ನಿಮ್ಮತ್ತೇನ ಕೇಳಲಿಲ್ಲ, ನೋಟಿಸ್ ಬಂತು ಅಷ್ಟೆ. ಇಲ್ಲಿ ಕೇಳ್ತಿದಾರೆ, ಬೇಡ ಅನ್ನೋ ಹಕ್ಕು ಇದೆ. ಈ ವ್ಯತ್ಯಾಸ ನಿಮಗೆ ಗೊತ್ತು, ನಿಮ್ಮ ಗಂಡನಿಗೆ ಗೊತ್ತು, ಅವರಿಗೆ ಮಾತ್ರ ಗೊತ್ತಾಗೋ ಹಾಗಿಲ್ಲ, ಯಾಕಂದ್ರೆ ಮನೇಲಿ ಇಬ್ರೂ ಇಂಗ್ಲಿಷ್ ಪೇಪರ್ ಹಿಡ್ಕೊಂಡು ಮಾತಾಡ್ತೀರ, ಅವರ ಕಿವಿಗೆ ಬೀಳೋದು ಸರ್ಕಾರ, ಮನೆ, ಕೆಡವೋದು ಅನ್ನೋ ಮೂರೇ ಮಾತು. ಆ ಪೇಪರ್‌ನಲ್ಲಿ ಏನಿದೆ ಅಂತ ಅವರಿಗೆ ಕನ್ನಡದಲ್ಲಿ ಸಾಲು ಸಾಲಾಗಿ ಓದಿ ಹೇಳಿ, ಅದೂ ನಿಮ್ಮ ಗಂಡ ಓದಲಿ.

ಅದಕ್ಕೂ ಮುಂಚೆ ಒಂದು ಸಂಜೆ ಅವರ ಹಳೇ ಮನೆ ಬಗ್ಗೆ ಕೇಳಿ. ಪಡಸಾಲೆ ಹೇಗಿತ್ತು, ಹೊಸ್ತಿಲು ಯಾವ ಕಟ್ಟಿಗೇದು, ಬಿಡೋ ದಿನ ಏನೇನು ಹೊತ್ಕೊಂಡು ಬಂದ್ರು, ಏನು ಅಲ್ಲೇ ಉಳೀತು. ಮಗಳನ್ನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ. ನಿಮ್ಮ ಮನೇಲಿ ನೀರಿಗೆ ಮನೆ ಕೊಟ್ಟ ಅನುಭವ ಇರೋದು ಅಜ್ಜಿಗೆ, ನೀರಿಗೆ ಹೆದರಿದ ಅನುಭವ ಮೊಮ್ಮಗಳಿಗೆ, ಇಬ್ರೂ ಒಬ್ಬರಿಗೊಬ್ಬರು ಹೇಳ್ಕೊಂಡೇ ಇಲ್ಲ ಅಂತ ನನ್ನ ಅನುಮಾನ. ಒಪ್ಪಿಸೋಕೆ ಅಂತ ಕೇಳಬೇಡಿ, ಅವರಿಗೆ ತಕ್ಷಣ ಗೊತ್ತಾಗುತ್ತೆ. ಅಷ್ಟಾದ್ಮೇಲೂ ಅವರು ಬೇಡ ಅಂದ್ರೆ ಬೇಡ ಅನ್ನಲಿ, ದುಃಖ ಅವರದ್ದು, ನಿರ್ಧಾರ ನಿಮ್ಮಿಬ್ಬರದ್ದು.

ಪೋಲಿಷ್ ಅಜ್ಜಿ ವಿಷಯಕ್ಕೆ ನನ್ನ ಹತ್ರ ಸುಲಭದ ಉತ್ತರ ಇಲ್ಲ. ಒಂದೊಂದೇ ಮನೆ ಬಿದ್ದು ಬೀದಿ ಹಲ್ಲು ಬಿದ್ದ ಬಾಯಿ ಥರ ಆಗೋದು ಇಂಥ ಯೋಜನೆಯ ನಿಜವಾದ ನೋವು, ಉಳಿದವರಿಗೆ ಅದು ದಿನಾ ಕಾಣುತ್ತೆ. ಆದ್ರೆ ನೀವು ಉಳಿದ್ರೆ ಅವರ ಮನೆಗೆ ನೀರು ಬರೋದು ನಿಲ್ಲಲ್ಲ. ಅವರಿಗೂ ಇದೇ ಆಫರ್ ಬಂದಿದ್ಯಾ, ಅರ್ಜಿ ತುಂಬೋಕೆ ಕಷ್ಟ ಆಗಿ ಸುಮ್ನಿದಾರಾ ಕೇಳಿ. ವಯಸ್ಸಾದವರು ಎಷ್ಟೋ ಸಲ ಫಾರ್ಮ್ ನೋಡೇ ಬೇಡ ಅಂದ್ಬಿಡ್ತಾರೆ. ನೀವೇನೇ ತೀರ್ಮಾನ ಮಾಡಿದ್ರೂ ಅವರಿಗೆ ಮೊದಲು ನಿಮ್ಮ ಬಾಯಿಂದಲೇ ಗೊತ್ತಾಗಲಿ, ಸರ್ವೇ ಮಾಡೋರ ಗಾಡಿ ನೋಡಿ ಅಲ್ಲ.

ಗಂಡನ ಹತ್ರ ಲೆಕ್ಕ ಹಿಡ್ಕೊಂಡು ಜಗಳ ಆಡಬೇಡಿ. ಆಫೀಸ್ ಮುಗಿಸಿ ಬಂದು ರಾತ್ರಿ ಎಲ್ಲಾ ಒದ್ದೆ ಗೋಡೆ ಕಿತ್ತು ಹೊಸದು ಹಾಕಿದ ಮನುಷ್ಯ ಅವರು, ಮನೆ ಕೊಡೋಣ ಅಂದ್ರೆ ನಿಮ್ಮ ಕೆಲಸ ವೇಸ್ಟ್ ಅಂದಂಗೆ ಕೇಳುತ್ತೆ. ಆ ರಿಪೇರಿ ಇಲ್ದೆ ಇದ್ದಿದ್ರೆ ಇಷ್ಟು ವರ್ಷ ನಾವು ಎಲ್ಲಿರ್ತಿದ್ವಿ ಅಂತ ನೀವು ಅವರಿಗೆ ಒಂದ್ಸಲಾನಾದ್ರೂ ಹೇಳಿದೀರಾ? ಹೇಳಿ. ಆಮೇಲೆ ಆ ರಸೀದಿಗಳ ಡಬ್ಬ ಹುಡುಕೋಕೆ ಇಬ್ರೂ ಒಟ್ಟಿಗೆ ಕೂತ್ಕೊಳ್ಳಿ, ಕೇಸ್ ನೋಡ್ಕೊಳ್ಳೋರಿಗೆ ಫೋನ್ ಮಾಡುವಾಗ ಸ್ಪೀಕರ್ ಆನ್ ಮಾಡಿ, ಬೆಲೆ ಎಷ್ಟು ಅನ್ನೋ ಪ್ರಶ್ನೇನ ನಿಮ್ಮ ಗಂಡನೇ ಕೇಳಲಿ.