ಕೆರೆ ಪಕ್ಕದ ಸೈಟು: ಮೂವತ್ತು ಮೀಟರಾ, ಆರು ಮೀಟರಾ?

ಬೆಂಗಳೂರಲ್ಲಿ ಎಂಟು ಎಕರೆ ಕೆರೆಯ ಪಕ್ಕ ಸೈಟು ನೋಡಿದ್ದೀರಿ, ಈಗ ಕೆರೆ ಅಂಚಿನಿಂದ ಆರೇ ಮೀಟರ್ ಕಟ್ಟಡ ಕಟ್ಟದೆ ಬಿಟ್ಟರೆ ಸಾಕು ಅಂತ ಏಜೆಂಟ್ ಹೇಳಿದ್ದು ನಿಜವಾ ಅಂತ ಕೇಳಿದ್ದೀರಿ. ಅವರು ಹೇಳ್ತಿರೋದು 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಪಾಸು ಮಾಡಿದ ಕೆರೆ ತಿದ್ದುಪಡಿ ಮಸೂದೆ ಬಗ್ಗೆ. ಅದುವರೆಗೆ ಎಲ್ಲ ಕೆರೆಗೂ 30 ಮೀಟರ್ ಇತ್ತು. ಮಸೂದೆಯಲ್ಲಿ 1ರಿಂದ 10 ಎಕರೆ ಕೆರೆಗೆ 6 ಮೀಟರ್, ನೂರು ಎಕರೆ ದಾಟಿದರೆ ಮಾತ್ರ ಹಳೇ 30. ಆದರೆ ಸದನ ಪಾಸು ಮಾಡಿದ ಮಾತ್ರಕ್ಕೆ ಕಾನೂನಾಗಲ್ಲ, ರಾಜ್ಯಪಾಲರ ಸಹಿ ಬೇಕು, ರಾಜ್ಯಪತ್ರದಲ್ಲಿ ಬರಬೇಕು. ಆ ಪ್ರತಿ ತೋರಿಸಿ ಅಂತ ಏಜೆಂಟ್‌ಗೇ ಕೇಳಿ. ಅಲ್ಲಿವರೆಗೆ ಅಡ್ವಾನ್ಸ್ ಕೊಡಲೇಬೇಡಿ.

ಈ ಅಳತೆ ಬದಲಾಗ್ತಿರೋದು ಇದೇ ಮೊದಲ ಸಲ ಏನಲ್ಲ. 2016ರಲ್ಲಿ ಹಸಿರು ನ್ಯಾಯಮಂಡಳಿ 75 ಮೀಟರ್ ಮಾಡಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು, ಮತ್ತೆ ಬೆಂಗಳೂರಿನ ಮಾಸ್ಟರ್ ಪ್ಲಾನ್‌ನ 30 ಮೀಟರ್‌ಗೇ ಬಂದೆವು. ಕೊನೆಗೆ ಕಮ್ಮಿ ಆಗೋದು ಕೆರೆ ಪಾಲೇ ಅನ್ನೋದು ನನಗೆ ನಿಜಕ್ಕೂ ಸಂಕಟ.

ಮಳೆನೀರು ಹರಿಯೋ ರಾಜಕಾಲುವೆಯದ್ದು ಬೇರೆ ಲೆಕ್ಕ, ಮಾಸ್ಟರ್ ಪ್ಲಾನ್ ಪ್ರಕಾರ ದೊಡ್ಡದಕ್ಕೆ ಮಧ್ಯದಿಂದ 50 ಮೀಟರ್, ಮಧ್ಯಮದ್ದಕ್ಕೆ 25, ಚಿಕ್ಕದಕ್ಕೆ 15. ಗ್ರಾಮ ನಕಾಶೆ ತೆಗೆಸಿ, ಕೆರೆ ಕೋಡಿ ಯಾವ ಕಡೆ ಇದೆ, ನೀರು ಎಲ್ಲಿ ಇಳಿಯುತ್ತೆ ನೋಡಿ. ಎಷ್ಟೋ ಕಡೆ ನಕಾಶೆಯಲ್ಲಿ ಕಾಲುವೆ ಇರುತ್ತೆ, ಜಾಗದಲ್ಲಿ ಬರೀ ಸ್ಲ್ಯಾಬ್ ಮುಚ್ಚಿದ ಚರಂಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಕಡೆ ಮಳೆನೀರು ನುಗ್ಗಿ ಜನರನ್ನು ಟ್ರ್ಯಾಕ್ಟರ್‌ನಲ್ಲಿ ಕರ್ಕೊಂಡು ಹೋಗಿದ್ದು ನೆನಪಿದೆ ಅಲ್ವಾ? ಕಾನೂನು 6 ಮೀಟರ್ ಅಂದರೂ ಜೋರು ಮಳೆಯಲ್ಲಿ ನೀರು ಅಷ್ಟಕ್ಕೇ ನಿಲ್ಲಲ್ಲ. ನಾನಾಗಿದ್ದರೆ ಆ ಸೈಟು ತಗೊಳ್ತಿರಲಿಲ್ಲ.