ಓದುಗರ ಪ್ರಶ್ನೆ: ಪಕ್ಕದ ಮನೆಯ ಕಥೆ ಯಾಕೆ ಸಪ್ಪೆಯಾಯಿತು?

ಪ್ರಶ್ನೆ: ಮೊನ್ನೆ ಒಂದು ಕಾದಂಬರಿ ಓದಿ ಮುಗಿಸಿದೆ. ನಗರದ ಹೊರಗಿನ ಬಡಾವಣೆ, ಒಂದೇ ರಸ್ತೆಯಲ್ಲಿ ನಾಲ್ಕು ಮಧ್ಯಮ ವರ್ಗದ ಮನೆಗಳು, ಅವರ ಸಂಸಾರದ ಕಥೆ. ಬೆನ್ನುಡಿಯಲ್ಲಿ ತುಂಬಾ ಹೊಗಳಿದ್ದರು. ಇಂಥ ಕಥೆ ನನಗೆ ಇಷ್ಟ ಅಂತ ಆಸೆಯಿಂದ ಕೈಗೆತ್ತಿಕೊಂಡೆ, ಆದರೆ ನೂರು ಪುಟ ದಾಟುವಷ್ಟರಲ್ಲಿ ಬೇಸರ ಬಂತು. ಭಾಷೆ ಚೆನ್ನಾಗಿದೆ, ಇಂಥಲ್ಲಿ ತಪ್ಪಿದೆ ಅಂತ ಬೆರಳಿಟ್ಟು ತೋರಿಸಲೂ ಆಗುತ್ತಿಲ್ಲ. 'ಮನೆ ಸಂಸಾರದ ಕಥೆಯಲ್ಲಿ ಏನೂ ನಡೆಯೋದಿಲ್ಲ, ಅದಕ್ಕೇ ನಿನಗೆ ಬೋರ್' ಅನ್ನುತ್ತಾಳೆ ಗೆಳತಿ. ಹೌದಾ?

ಉತ್ತರ: ಇಲ್ಲ, ಗೆಳತಿಯ ಮಾತು ನನಗೆ ಒಪ್ಪಿಗೆಯಿಲ್ಲ. ನಾನೂ ಆ ಪುಸ್ತಕ ಓದಿದ್ದೇನೆ, ನಿಮ್ಮಷ್ಟೇ ಆಸೆಯಿಂದ ಶುರು ಮಾಡಿದ್ದೆ. ಅದರಲ್ಲಿ ಏನೂ ನಡೆಯುವುದಿಲ್ಲ ಅನ್ನೋದು ಸುಳ್ಳು. ಜಾಸ್ತಿಯೇ ನಡೆಯುತ್ತದೆ. ಮೊದಲ ಮನೆಯಲ್ಲಿ ಹೊರಗಿನ ಸಂಬಂಧ, ಎರಡನೆಯದರಲ್ಲಿ ಗಂಡನ ಕೆಲಸ ಹೋಗಿದೆ, ಮೂರನೆಯದರಲ್ಲಿ ಮುಚ್ಚಿಟ್ಟ ಕಾಯಿಲೆ, ನಾಲ್ಕನೆಯದರಲ್ಲಿ ಮನೆ ಬಿಟ್ಟು ಹೋದ ಮಗ. ಮನೆಗೊಂದು ಗುಟ್ಟು ಹಂಚಿ, ಸರದಿಯ ಪ್ರಕಾರ ಬಾಗಿಲು ತೆಗೆದು ತೋರಿಸಿದ್ದಾರೆ. ಎರಡನೆಯ ಬಾಗಿಲು ತೆಗೆಯುವಾಗಲೇ ನಾಲ್ಕನೆಯದರ ಹಿಂದೆಯೂ ಒಂದು ಗುಟ್ಟಿದೆ ಅಂತ ನಮಗೆ ಗೊತ್ತಾಗಿಬಿಡುತ್ತದೆ. ಆಮೇಲೆ ಕಾಯುವುದಕ್ಕೆ ಏನು ಉಳಿಯಿತು?

ಏಣಿ ಕೇಳುವ ದೃಶ್ಯ ನೆನಪಿದೆಯಾ? ಮೂರನೆಯ ಮನೆಯವರು ಏಣಿ ಕೇಳೋಕೆ ಪಕ್ಕದ ಮನೆಗೆ ಬರುತ್ತಾರೆ. ಆ ಎರಡನೆಯ ಮನೆಯಾಕೆ ಬಾಗಿಲನ್ನು ಒಂದು ಗೇಣಷ್ಟೇ ತೆಗೆದು, ಒಂದು ಕೈಯನ್ನು ಚಿಲಕದ ಮೇಲೇ ಇಟ್ಟುಕೊಂಡು, 'ಆಮೇಲೆ ಕಳಿಸ್ತೀನಿ' ಅನ್ನುತ್ತಾಳೆ. ಏಣಿ ಮಾತ್ರ ಅಲ್ಲೇ, ಅವರಿಬ್ಬರ ಕಣ್ಣೆದುರಿಗೇ ಗೋಡೆಗೆ ಒರಗಿದೆ. ಅದನ್ನು ಓದಿದಾಗ ನಾನು ಎದ್ದು ಕೂತೆ. ಯಾಕೆ ಕೊಡಲಿಲ್ಲ? ಒಳಗೆ ಯಾರಿದ್ದಾರೆ? ಆದರೆ ಮುಂದಿನ ಪ್ಯಾರಾದಲ್ಲೇ ಲೇಖಕರು ಹೇಳಿಬಿಡುತ್ತಾರೆ: ಗಂಡ ಕೆಲಸ ಕಳೆದುಕೊಂಡು ಮೂರು ವಾರವಾಗಿದೆ, ಹಗಲು ಹೊತ್ತಿನಲ್ಲಿ ಮನೆಯಲ್ಲಿ ಇರುವುದು ಯಾರಿಗೂ ಕಾಣಬಾರದು, ಅವಳಿಗೆ ನಾಚಿಕೆ. ಮುಗಿಯಿತು. ನೂರು ಪುಟ ಎಳೆದುಕೊಂಡು ಹೋಗಬಹುದಾಗಿದ್ದ ಏಣಿ ಎರಡು ಸಾಲಿಗೇ ಖರ್ಚಾಯಿತು. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ನಾನು ಬೆರಳಿಡುವುದು ಇಲ್ಲೇ. ಪಕ್ಕದ ಮನೆಯವರು ಅಂದರೆ ನಮಗೆ ಅರ್ಧ ಮಾತ್ರ ಗೊತ್ತಿರುವವರು. ಅವರ ಮನೆಯಲ್ಲಿ ರಾತ್ರಿ ಎಷ್ಟು ಹೊತ್ತಿಗೆ ದೀಪ ಆರುತ್ತದೆ ಅಂತ ಗೊತ್ತು, ಯಾಕೆ ಆರಲಿಲ್ಲ ಅಂತ ಗೊತ್ತಿಲ್ಲ. ಕೆಮ್ಮು ಕೇಳುತ್ತದೆ, ಮಾತು ಕೇಳುವುದಿಲ್ಲ. ಉಳಿದ ಅರ್ಧವನ್ನು ನಾವೇ ಊಹಿಸಿಕೊಳ್ಳುತ್ತೇವೆ, ಅದರಲ್ಲಿ ಮುಕ್ಕಾಲು ಪಾಲು ತಪ್ಪಾಗಿರುತ್ತದೆ, ಆ ತಪ್ಪು ಊಹೆಯ ಮೇಲೇ ಸ್ನೇಹ, ಸಿಟ್ಟು, ಮಾತು ಬಿಡೋದು ಎಲ್ಲಾ ನಡೆಯುತ್ತದೆ. ನೆರೆಹೊರೆಯ ಕಾದಂಬರಿಗೆ ಬಂಡವಾಳವೇ ಇದು. ಈ ಲೇಖಕರು ಎಲ್ಲರ ತಲೆಯೊಳಗೂ ಹೊಕ್ಕು ಎಲ್ಲವನ್ನೂ ಹೇಳಿಬಿಟ್ಟಿದ್ದರಿಂದ ಆ ನಾಲ್ಕೂ ಮನೆಗಳು ನೆರೆಮನೆಗಳಾಗಲೇ ಇಲ್ಲ, ಒಂದರ ಪಕ್ಕ ಒಂದು ಇಟ್ಟ ನಾಲ್ಕು ಬೇರೆ ಬೇರೆ ಕಥೆಗಳಾದವು.

ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟಿನ್ 1814ರಲ್ಲಿ, ತಾನೂ ಕಾದಂಬರಿ ಬರೆಯುತ್ತಿದ್ದ ಅಣ್ಣನ ಮಗಳು ಆನಾಗೆ ಬರೆದ ಪತ್ರದಲ್ಲಿ, ಹಳ್ಳಿಯೊಂದರ ಮೂರು ನಾಲ್ಕು ಕುಟುಂಬಗಳು ಸಿಕ್ಕರೆ ಬರೆಯೋಕೆ ಅದೇ ಸರಿಯಾದ ವಸ್ತು ಅನ್ನುತ್ತಾರೆ. ಮರುವರ್ಷ ಡಿಸೆಂಬರಿನಲ್ಲಿ ಬಂದ ಅವರ 'ಎಮ್ಮಾ' ಕಾದಂಬರಿ ನೋಡಿ. ಬಡ ಹುಡುಗಿಯೊಬ್ಬಳು ಇರುವ ಮನೆಗೆ ಒಂದು ದಿನ ಪಿಯಾನೋ ಬರುತ್ತದೆ. ಕಳಿಸಿದವರ ಹೆಸರಿಲ್ಲ. ಅವಳನ್ನು ಸಾಕಿದವರೇ ಕಳಿಸಿರಬೇಕು ಅನ್ನುತ್ತಾರೆ ಹಲವರು, ಆ ಹುಡುಗಿಯ ಗೆಳತಿಯ ಗಂಡನೇ ಅಂತ ನಾಯಕಿ ಎಮ್ಮಾ ಕಥೆ ಕಟ್ಟುತ್ತಾಳೆ, ಇನ್ನೊಬ್ಬಾಕೆಗೆ ಮೂರನೆಯವರ ಮೇಲೆ ಅನುಮಾನ. ಕಳಿಸಿದ ಹುಡುಗ ಅಲ್ಲೇ ಅವರ ನಡುವೆಯೇ ಕೂತು ಅವರ ಊಹೆಗೆ ತಲೆಯಾಡಿಸುತ್ತಿರುತ್ತಾನೆ. ಕೂದಲು ಕತ್ತರಿಸಿಕೊಂಡು ಬರುತ್ತೇನೆ ಅಂತ ಲಂಡನ್ನಿಗೆ ಹೋಗಿದ್ದನಲ್ಲ, ಆಗಲೇ ಪಿಯಾನೋ ಕೊಂಡದ್ದು. ಈ ಪಿಯಾನೋ ಪ್ರಸಂಗದಲ್ಲಿ ಯಾರೂ ಸಾಯಲಿಲ್ಲ, ಓಡಿಹೋಗಲಿಲ್ಲ. ಆದರೂ ಪುಟ ಮಗುಚದೆ ಇರೋಕಾಗಲ್ಲ.

ಅಮೆರಿಕದ ಕಥೆಗಾರ ಜಾನ್ ಚೀವರ್ 1964ರ 'ದಿ ಸ್ವಿಮ್ಮರ್' ಕಥೆಯಲ್ಲಿ ಇದನ್ನೇ ತಿರುಗಿಸಿ ಇಡುತ್ತಾರೆ. ಒಬ್ಬ ಮನುಷ್ಯ ನೆರೆಯವರ ಈಜುಕೊಳಗಳನ್ನು ಒಂದಾದ ಮೇಲೊಂದರಂತೆ ಈಜಿಕೊಂಡು ಮನೆ ಸೇರಲು ಹೊರಡುತ್ತಾನೆ. ದಾರಿಯಲ್ಲಿ ನೆರೆಮನೆಯಾಕೆ ಅವನ ಕಷ್ಟಗಳ ಬಗ್ಗೆ ಕೇಳಿ ಬೇಸರವಾಯಿತು ಅನ್ನುತ್ತಾಳೆ. ಅವನಿಗೆ ಯಾವ ಕಷ್ಟ ಅಂತಲೇ ಗೊತ್ತಿಲ್ಲ! ಇಲ್ಲಿ ನೆರೆಯವರಿಗೆ ಗೊತ್ತಿರುವುದು ಅವನಿಗೇ ಗೊತ್ತಿಲ್ಲ. ಆ ಅಂತರ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಇನ್ನೊಂದು ಮಾತು, ಇದು ಸ್ವಲ್ಪ ಸಿಟ್ಟಿನದು. ಈ ಲೇಖಕರಿಗೆ ತಮ್ಮ ಪಾತ್ರಗಳ ಮೇಲೆ ಗೌರವವಿಲ್ಲ. ಬಡಾವಣೆಯ ಜನ ಅಂದರೆ ಒಂದೇ ಅಚ್ಚಿನವರು, ಪರದೆಯ ಬಣ್ಣದ ಬಗ್ಗೆ ಮಾತಾಡುವವರು, ಒಳಗೆ ಟೊಳ್ಳು ಅಂತ ಮೊದಲೇ ತೀರ್ಮಾನ ಮಾಡಿ ಕೂತಿದ್ದಾರೆ. ಇದು ಹಳೆಯ ರೋಗ. ಎರಡನೆಯ ಮಹಾಯುದ್ಧದ ನಂತರ, 1947ರಲ್ಲಿ, ನ್ಯೂಯಾರ್ಕ್ ಹತ್ತಿರದ ಆಲೂಗಡ್ಡೆ ಹೊಲಗಳಲ್ಲಿ ಲೆವಿಟ್‌ಟೌನ್ ಅನ್ನುವ ಬಡಾವಣೆ ಕಟ್ಟೋಕೆ ಶುರು ಮಾಡಿದರು, 1951ರ ಹೊತ್ತಿಗೆ ಅಲ್ಲಿ ಹೆಚ್ಚುಕಡಿಮೆ ಒಂದೇ ಥರದ 17,000ಕ್ಕೂ ಹೆಚ್ಚು ಮನೆಗಳು ಎದ್ದಿದ್ದವು. ಮನೆ ಒಂದೇ ಥರ ಇದ್ದರೆ ಜನರೂ ಒಂದೇ ಥರ ಅಂತ ಟೀಕಿಸುವವರು ಬಹಳ ಜನ ಹುಟ್ಟಿಕೊಂಡರು. ಸಮಾಜಶಾಸ್ತ್ರಜ್ಞ ಹರ್ಬರ್ಟ್ ಗ್ಯಾನ್ಸ್ ಮಾತ್ರ 1958ರಲ್ಲಿ ನ್ಯೂಜೆರ್ಸಿಯ ಇನ್ನೊಂದು ಲೆವಿಟ್‌ಟೌನಿನಲ್ಲಿ ತಾವೇ ಮನೆ ಕೊಂಡು, ಎರಡು ವರ್ಷ ಅಲ್ಲೇ ಬದುಕಿ ನೋಡಿದರು. 1967ರಲ್ಲಿ ಬಂದ ಅವರ ಪುಸ್ತಕ ಬೇರೆಯದನ್ನೇ ಹೇಳಿತು. ಅಲ್ಲಿನ ಹೆಚ್ಚಿನವರು ಬಂದದ್ದಕ್ಕೆ ಖುಷಿಯಾಗಿದ್ದರು, ಟೀಕಾಕಾರರು ಅಂದುಕೊಂಡಷ್ಟು ಒಂದೇ ಥರದವರಾಗಿಯೂ ಇರಲಿಲ್ಲ. ಇದ್ದು ನೋಡಿದವರಿಗೆ ಕಂಡದ್ದು ಅದು. ಕಾದಂಬರಿಕಾರರಿಗೆ ಅಷ್ಟಾದರೂ ತಾಳ್ಮೆ ಬೇಕು ಅಲ್ವಾ?

ಕಾದಂಬರಿಯ ಕೊನೆಯಲ್ಲಿ ಬರುವ ಅಪಘಾತದ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ನಾಲ್ಕು ಕಥೆಗಳನ್ನು ಒಂದು ಕಡೆ ತರೋಕೆ ಬೇರೆ ದಾರಿ ಸಿಗದೆ ತಂದದ್ದು, ಅಷ್ಟೇ.

ಪ್ರಶ್ನೆ: ನಾನೇ ನಮ್ಮ ರಸ್ತೆಯ ಮನೆಗಳ ಬಗ್ಗೆ ಒಂದು ಕಾದಂಬರಿ ಬರೆಯಬೇಕು ಅಂತಿದ್ದೇನೆ. ನಿಜವಾದ ನೆರೆಯವರನ್ನು ಪಾತ್ರ ಮಾಡಬಹುದಾ? ಅವರಿಗೆ ಗೊತ್ತಾದರೆ?

ಉತ್ತರ: ಅವರು ನಿಮ್ಮನ್ನು ನಂಬಿ ಹೇಳಿಕೊಂಡದ್ದನ್ನು ಮುಟ್ಟಬೇಡಿ. ಹೆಸರು, ಕೆಲಸ, ವಯಸ್ಸು ಬದಲಾಯಿಸಿದರೂ ಹೇಳಿಕೊಂಡವರಿಗೆ ತಮ್ಮ ಮಾತಿನ ಗುರುತು ಸಿಕ್ಕೇ ಸಿಗುತ್ತದೆ, ಆ ನೋವಿಗೆ ಯಾವ ಒಳ್ಳೆಯ ಪುಸ್ತಕವೂ ಸಮ ಅಲ್ಲ.

ಅದು ಬೇಕಾಗುವುದೂ ಇಲ್ಲ. ಒಂದು ವಾರ ನಿಮ್ಮ ಕಿಟಕಿಯಿಂದ ಕಂಡದ್ದನ್ನು, ಗೋಡೆಯಾಚೆಯಿಂದ ಕೇಳಿದ್ದನ್ನು ಮಾತ್ರ ಬರೆಯಿರಿ. ಕಾರಣ ಬರೆಯಬೇಡಿ. 'ಎದುರು ಮನೆಯವರು ಹೊಸ ಕುರ್ಚಿಯನ್ನು ಮೂರು ದಿನ ಹೊರಗೇ ಬಿಟ್ಟಿದ್ದರು' ಅಂತ ಬರೆದು ನಿಲ್ಲಿಸಿ. ಆಮೇಲೆ ಆ ಕುರ್ಚಿಯನ್ನು ನೋಡಿ ಪಕ್ಕದವಳು ಏನು ಅಂದುಕೊಂಡಳು, ಅಂದುಕೊಂಡು ಏನು ಮಾಡಿದಳು ಅಂತ ನೀವೇ ಹುಟ್ಟಿಸಿ. ಅಲ್ಲಿಂದ ಮುಂದೆ ಅವರು ನಿಮ್ಮ ನೆರೆಯವರಲ್ಲ, ನಿಮ್ಮ ಪಾತ್ರಗಳು. ಹತ್ತು ಪುಟ ಆದ ಮೇಲೆ ಮತ್ತೆ ಬರೆಯಿರಿ, ನನಗೆ ಕುತೂಹಲ ಇದೆ.

ಪ್ರಶ್ನೆ: ಹಿಡಿಸದ ಕಾದಂಬರಿಯನ್ನು ಅರ್ಧಕ್ಕೇ ಬಿಡಬಹುದಾ? ಬಿಟ್ಟರೆ ಏನೋ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ.

ಉತ್ತರ: ಧಾರಾಳವಾಗಿ ಬಿಡಿ. ಬಿಡುವಾಗ ಆ ಪುಟದ ಸಂಖ್ಯೆ ಮಾತ್ರ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ವರ್ಷ ಬಿಟ್ಟು ತೆಗೆದಾಗ ಕೆಲವು ಪುಸ್ತಕಗಳು ಅದೇ ಪುಟದಿಂದ ಸಲೀಸಾಗಿ ಓಡಿದ್ದು ನನಗೆ ಗೊತ್ತು. ಏಣಿಯ ಪುಸ್ತಕವನ್ನು ನಾನು ಮತ್ತೆ ತೆಗೆಯುವುದಿಲ್ಲ, ಆದರೆ ಅದರಲ್ಲಿ ಬಾಗಿಲು ಗೇಣಷ್ಟು ತೆರೆಯುವ ಆ ಪುಟದ ಮೂಲೆಯಲ್ಲೂ ಒಂದು ಗುರುತಿದೆ.